ಏಣಿ, ಮಾಳಿಗೆ ಮತ್ತು ಎಪ್ಪತ್ತು ದಾಟಿದ ಕಾಲುಗಳು

ಹಿರಿಯರೊಬ್ಬರು ಬಿದ್ದರೆಂಬ ಸುದ್ದಿ ಬಂದಾಗ ನಮ್ಮ ಕಡೆ ಕೇಳಿಬರುವ ಮೊದಲ ಮಾತು "ವಯಸ್ಸಾಗಿತ್ತಲ್ಲ" ಎಂಬುದು. ಎರಡನೆಯದು "ಈ ವಯಸ್ಸಿನಾಗ ಯಾಕ್ ಏರಾಕ ಹೋಗಿದ್ರು?" ಎಂಬುದು. ಮೊದಲನೆಯದು ಎಲ್ಲವನ್ನೂ ವಿಧಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಮಾತು. ಎರಡನೆಯದು ಬಿದ್ದವರ ಮೇಲೆಯೇ ಹೊರಿಸುವ ಆರೋಪ. ಏಣಿ ಹೇಗೆ ನಿಂತಿತ್ತು, ಅದರ ಬುಡ ಎಲ್ಲಿತ್ತು, ತುದಿ ಎಲ್ಲಿಯವರೆಗೆ ಮುಟ್ಟಿತ್ತು, ಕೆಳಗೆ ಯಾರಾದರೂ ಹಿಡಿದುಕೊಂಡಿದ್ದರೇ ಎಂದು ಕೇಳುವವರು ನನಗೆ ಇದುವರೆಗೆ ಸಿಕ್ಕಿಲ್ಲ. ಬಸ್ಸು ಹಳ್ಳಕ್ಕೆ ಬಿದ್ದರೆ ಬ್ರೇಕಿನ ವಿಚಾರ ಕೇಳುತ್ತೇವೆ, ರಸ್ತೆಯ ತಿರುವಿನ ವಿಚಾರ ಕೇಳುತ್ತೇವೆ. ಅಜ್ಜಿ ಬಿದ್ದರೆ ಮಾತ್ರ ಅಜ್ಜಿಯ ವಯಸ್ಸನ್ನಷ್ಟೇ ಕೇಳುತ್ತೇವೆ. ಈ ಧೋರಣೆಗೆ ನನ್ನ ಸಮ್ಮತಿಯಿಲ್ಲ.

ಕೊಳಕೂರದಂಥ ಜೇವರ್ಗಿ ಸೀಮೆಯ ಊರುಗಳಲ್ಲಿ ಬೆಳೆದವರಿಗೆ ಏಣಿಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನನ್ನ ಶಿಷ್ಯರಲ್ಲಿ ಹಲವರು ಈಗ ಬೆಂಗಳೂರು, ಪುಣೆ, ಹೈದರಾಬಾದುಗಳ ಬಹುಮಹಡಿ ಕಟ್ಟಡಗಳಲ್ಲಿದ್ದಾರೆ. ಲಿಫ್ಟಿನಲ್ಲಿ ಏರಿ ಇಳಿಯುವ ಅವರ ಮಕ್ಕಳು ಮಾಳಿಗೆಯನ್ನು ಕಂಡವರಲ್ಲ. ಅವರಿಗಾಗಿ ಎರಡು ಮಾತು. ನಮ್ಮ ಹಳೆಯ ಮನೆಗಳ ಗೋಡೆ ಕಲ್ಲಿನದು, ನೆಲ ಶಹಾಬಾದದ ಫರ್ಸಿಯದು, ಮೇಲೆ ತೊಲೆ–ಜಂತಿಗಳ ಮೇಲೆ ಹಾಸಿದ ಮಣ್ಣಿನ ಮೇಲ್ಮುದ್ದೆ. ಈ ಸಪಾಟಾದ ಮಾಳಿಗೆ ಬರಿಯ ಸೂರು ಮಾತ್ರವಲ್ಲ, ಅದು ಮನೆಯ ಇನ್ನೊಂದು ಅಂಗಳ. ಚೈತ್ರ–ವೈಶಾಖಗಳಲ್ಲಿ ಶ್ಯಾವಿಗೆ, ಸಂಡಿಗೆ, ಹಪ್ಪಳ, ಮೆಣಸಿನಕಾಯಿ, ಹುಣಸೆಹಣ್ಣು, ನೆನೆಸಿದ ತೊಗರಿ ಎಲ್ಲವೂ ಒಣಗುವುದು ಅಲ್ಲಿ. ಉಷ್ಣಾಂಶ 42 ಡಿಗ್ರಿಯನ್ನು ದಾಟುವ ಬೇಸಗೆಯಲ್ಲಿ ಮನೆಮಂದಿಯೆಲ್ಲ ಮಲಗುವುದೂ ಅಲ್ಲಿ. ಮಿರಗದ ಮಳೆ ಬರುವ ಮುನ್ನ ಸವಳು ಮಣ್ಣನ್ನು ಹೊತ್ತು ಹಾಕಿ ಸೋರುವ ಜಾಗಗಳನ್ನು ಮುಚ್ಚುವುದೂ ಅಲ್ಲಿಯೇ. ಇನ್ನು ಬೆಳಕಿಂಡಿ. ಕಿಟಕಿ ಕಡಿಮೆಯಿರುವ ಆ ಮನೆಗಳಿಗೆ ಬೆಳಕು, ಗಾಳಿ, ಒಲೆಯ ಹೊಗೆಗೆ ದಾರಿ ಎಲ್ಲವೂ ಆ ಒಂದು ತೂತು. ಮಳೆಯ ಹನಿ ಬಿದ್ದೊಡನೆ ಯಾರಾದರೊಬ್ಬರು ಮೇಲೆ ಓಡಿ ಅದನ್ನು ಮುಚ್ಚಲೇಬೇಕು.

ಇಷ್ಟಕ್ಕೂ ದಾರಿ ಒಂದು ಏಣಿ. ಸಂಸ್ಕೃತದ ನಿಃಶ್ರೇಣಿ ನಮ್ಮಲ್ಲಿ ನಿಚ್ಚಣಿಗೆಯಾಯಿತೆಂದು ವ್ಯಾಕರಣದ ತರಗತಿಯಲ್ಲಿ ತದ್ಭವಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಶಬ್ದಕ್ಕೆ ಇರುವಷ್ಟು ಗೌರವ ವಸ್ತುವಿಗೆ ಇಲ್ಲ. ಎರಡು ಬೊಂಬು ಅಥವಾ ಬೇವಿನ ಗಳುಗಳಿಗೆ ಅಡ್ಡಪಟ್ಟಿ ಬಡಿದು ವರ್ಷವಿಡೀ ಬಿಸಿಲಿನಲ್ಲಿ ನಿಲ್ಲಿಸಿರುತ್ತಾರೆ. ಒಣಗಿದ ಕಟ್ಟಿಗೆ ಸಂಕುಚಿತವಾಗಿ ಮೊಳೆ ಸಡಿಲವಾಗುತ್ತದೆ, ಬೊಂಬು ಉದ್ದಕ್ಕೆ ಸೀಳುತ್ತದೆ, ಆ ಸೀಳಿಗೆ ಹಗ್ಗ ಸುತ್ತುತ್ತಾರೆ. ಮದುವೆಗೆ ಮನೆಗೆ ಸುಣ್ಣ ಬಳಿಸುವವರು ಏಣಿ ಬದಲಿಸಿದ್ದನ್ನು ನಾನು ಕಂಡಿಲ್ಲ.

ಒಂದು ಮಾತನ್ನು ಗಮನಿಸಿ. ನಮ್ಮ ಸೀಮೆಯಲ್ಲಿ ಏಣಿ ಏರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅವರಲ್ಲಿಯೂ ವಯಸ್ಸಾದವರು. ಸೊಸೆ ಹೊಲಕ್ಕೆ ಅಥವಾ ಕೂಲಿಗೆ ಹೋಗಿರುತ್ತಾಳೆ, ಮೊಮ್ಮಕ್ಕಳು ಶಾಲೆಯಲ್ಲಿರುತ್ತಾರೆ, ಗಂಡಸರು ಕಟ್ಟೆಯ ಮೇಲಿರುತ್ತಾರೆ. ಮನೆಯಲ್ಲಿ ಉಳಿದವಳು ಅತ್ತೆ. ಮೋಡ ಕವಿದೊಡನೆ ಮೇಲೆ ಓಡುವವಳು ಅವಳೇ. ಕಾಲಿನಲ್ಲಿ ಹವಾಯಿ ಚಪ್ಪಲಿ, ಒಂದು ಕೈಯಲ್ಲಿ ಬುಟ್ಟಿ, ಹೆಜ್ಜೆಗೆ ತೊಡರುವ ಸೀರೆಯ ನೆರಿಗೆ, ಮನಸ್ಸಿನಲ್ಲಿ ನಾಲ್ಕು ದಿನದ ದುಡಿಮೆಯ ಸಂಡಿಗೆ ತೋಯುತ್ತದೆಂಬ ಗಡಿಬಿಡಿ. ಇದರಲ್ಲಿ ವಯಸ್ಸಿನ ಪಾಲೆಷ್ಟು, ಗಡಿಬಿಡಿಯ ಪಾಲೆಷ್ಟು? ನನ್ನನ್ನು ಕೇಳಿದರೆ ಇಪ್ಪತ್ತರ ಹುಡುಗಿಯೂ ಹೀಗೆ ಏರಿದರೆ ಬೀಳುತ್ತಾಳೆ. ವ್ಯತ್ಯಾಸವೆಂದರೆ ಅವಳು ಎದ್ದು ಧೂಳು ಝಾಡಿಸಿಕೊಂಡು ಹೋಗುತ್ತಾಳೆ, ಎಪ್ಪತ್ತರವಳ ಎಲುಬು ಮುರಿಯುತ್ತದೆ.

ನಾನು ಗಣಿತದ ಮೇಷ್ಟರಾದುದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹೇಳದೆ ಮುಂದೆ ಹೋಗಲಾರೆ. (ಮೂವತ್ತು ವರ್ಷದ ಹಿಂದೆ ತಪ್ಪಿಸಿಕೊಂಡವರು ಈಗಲೂ ಈ ಪರಿಚ್ಛೇದ ಬಿಟ್ಟು ಓದಬಹುದು.) ಪೈಥಾಗೊರಸನ ಪ್ರಮೇಯ ಕಲಿಸುವಾಗ ಏಣಿಯ ಲೆಕ್ಕ ಬರುತ್ತದೆಯಷ್ಟೆ? 10 ಮೀಟರ್ ಉದ್ದದ ಏಣಿ 8 ಮೀಟರ್ ಎತ್ತರದ ಕಿಟಕಿಯನ್ನು ಮುಟ್ಟಿದರೆ ಬುಡ ಗೋಡೆಯಿಂದ ಎಷ್ಟು ದೂರ? 6 ಮೀಟರ್ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತಿತ್ತು. ಉತ್ತರ ಸರಿ. ಆದರೆ ಹಾಗೆ ನಿಲ್ಲಿಸಿದ ಏಣಿಯನ್ನು ಏರಬಾರದು. ಏಣಿಯ ಸುರಕ್ಷತೆಗೆ ಜಗತ್ತೆಲ್ಲ ಒಪ್ಪಿಕೊಂಡ ನಿಯಮ ಒಂದಕ್ಕೆ ನಾಲ್ಕು: ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ದೂರ. 8 ಮೀಟರಿಗೆ ಬುಡ 2 ಮೀಟರ್ ದೂರದಲ್ಲಿರಬೇಕು, ಆರರಲ್ಲಲ್ಲ. ಆಗ ಏಣಿ ನೆಲದೊಂದಿಗೆ ಸುಮಾರು 75 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ.

ಕಾರಣವೂ ಸರಳ. ಗೋಡೆ ನುಣುಪಾಗಿದೆ, ಏಣಿಯ ತೂಕ ಗಣನೆಗಿಲ್ಲ ಎಂದುಕೊಳ್ಳೋಣ. 60 ಕಿಲೋ ತೂಕದವರು ಆ ಪುಸ್ತಕದ ಏಣಿಯ ತುದಿಯಲ್ಲಿ ನಿಂತರೆ ಬುಡವನ್ನು ಹೊರಕ್ಕೆ ತಳ್ಳುವ ಬಲ ತೂಕದ ಮುಕ್ಕಾಲು ಪಾಲು, ಅಂದರೆ 45 ಕಿಲೋದಷ್ಟು. ಒಂದಕ್ಕೆ ನಾಲ್ಕರ ಏಣಿಯಲ್ಲಿ ಅದು ಕೇವಲ 15 ಕಿಲೋ. ಇದನ್ನು ತಡೆಹಿಡಿಯುವುದು ಬುಡ ಮತ್ತು ನೆಲದ ನಡುವಿನ ಘರ್ಷಣೆಯೊಂದೇ. ಒರಟು ಮಣ್ಣಿನ ಅಂಗಳ ಒಂದಿಷ್ಟು ತಡೆದೀತು. ಹನಿ ಬಿದ್ದು ಒದ್ದೆಯಾದ ಫರ್ಸಿ ತಡೆಯಲಾರದು. ಇನ್ನೊಂದು ಸೂಕ್ಷ್ಮವಿದೆ. ಈ ತಳ್ಳುವ ಬಲ ಏರಿದಂತೆಲ್ಲ ಹೆಚ್ಚುತ್ತದೆ. ಅರ್ಧದಲ್ಲಿದ್ದಾಗ ಇಪ್ಪತ್ತೆರಡೂವರೆ ಕಿಲೋ, ತುದಿಯಲ್ಲಿ 45. ಆದುದರಿಂದಲೇ ಏಣಿ ಮೊದಲ ನಾಲ್ಕು ಮೆಟ್ಟಿಲು ಗಟ್ಟಿಯಾಗಿದ್ದು ಕೊನೆಗೆ ಜಾರುತ್ತದೆ. "ಇಷ್ಟೊತ್ತನ ಗಟ್ಟಿ ಇತ್ತು, ಒಮ್ಮೆಲೇ ಸರೀತು" ಎಂದು ಬಿದ್ದವರು ಹೇಳುವುದು ಸುಳ್ಳಲ್ಲ, ಅದು ಯಂತ್ರಶಾಸ್ತ್ರ. ಐದು ಅಡಿ ಎತ್ತರದಿಂದ ಬಿದ್ದವರು ನೆಲ ಮುಟ್ಟುವ ಹೊತ್ತಿಗೆ ಅವರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಆ ವೇಗದಲ್ಲಿ ಬರುವ ಸೈಕಲ್ಲಿನಿಂದ ಕಲ್ಲಿನ ಮೇಲೆ ಬಿದ್ದಂತೆ.

ಜಾರುವ ಏಣಿಯ ಲೆಕ್ಕ ಇಂದಿನದಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬ್ಯಾಬಿಲೋನಿನ ಒಂದು ಮಣ್ಣಿನ ಫಲಕದಲ್ಲಿ, ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ, ಗೋಡೆಗೆ ನಿಲ್ಲಿಸಿದ 30 ಅಳತೆಯ ಒಂದು ತೊಲೆಯ ಲೆಕ್ಕವಿದೆ. ಅದರ ತುದಿ 6 ಅಳತೆ ಕೆಳಗೆ ಜಾರಿದರೆ ಬುಡ ಎಷ್ಟು ಹೊರಕ್ಕೆ ಸರಿಯುತ್ತದೆ? ಉತ್ತರ 18. ತುದಿ ಆರು ಇಳಿಯುವುದರೊಳಗೆ ಬುಡ ಹದಿನೆಂಟು ಓಡಿರುತ್ತದೆ! ಪೈಥಾಗೊರಸನಿಗಿಂತ ಸಾವಿರ ವರ್ಷ ಮೊದಲೇ ಮನುಷ್ಯ ಈ ಲೆಕ್ಕ ಬಿಡಿಸಿದ್ದ. ಆದರೂ ನಮ್ಮ ಓಣಿಯಲ್ಲಿ ಏಣಿಯ ಬುಡಕ್ಕೆ ಒಂದು ಕಲ್ಲು ಒತ್ತಿಟ್ಟು "ಏನಾಗಲ್ಲ, ಏರು" ಎನ್ನುತ್ತಾರೆ.

ಅಳೆಯಲು ಟೇಪು ಬೇಕಿಲ್ಲ. ಏಣಿಯ ಬುಡಕ್ಕೆ ಪಾದದ ತುದಿ ತಾಗಿಸಿ ನೆಟ್ಟಗೆ ನಿಂತು ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ನೇರವಾಗಿ ಚಾಚಿದರೆ ಅಂಗೈ ಏಣಿಯನ್ನು ಹಿಡಿಯುವಂತಿರಬೇಕು. ಏಣಿಯ ತುದಿ ಮಾಳಿಗೆಯ ಅಂಚಿಗಿಂತ ಮೂರು ಅಡಿ ಮೇಲಿರಬೇಕೆಂಬುದನ್ನು ನಮ್ಮಲ್ಲಿ ಯಾರೂ ಪಾಲಿಸುವುದಿಲ್ಲ. 10 ಅಡಿಯ ಮಾಳಿಗೆಗೆ ಸರಿಯಾಗಿ ಹೊಂದುವ ಏಣಿ ಹದಿಮೂರೂವರೆ ಅಡಿಯದು. ನಮ್ಮ ಮನೆಗಳಲ್ಲಿರುವುದು ಹತ್ತು ಹನ್ನೊಂದರದು. ಹಾಗಾಗಿ ಮಾಳಿಗೆಯಿಂದ ಏಣಿಗೆ ಕಾಲಿಡುವ ಆ ಒಂದು ಗಳಿಗೆಯಲ್ಲಿ ಕೈಗೆ ಹಿಡಿಯಲು ಏನೂ ಇರುವುದಿಲ್ಲ. ಬೆನ್ನು ತಿರುಗಿಸಿ ಕಾಲಿನಿಂದ ಮೆಟ್ಟಿಲನ್ನು ಹುಡುಕಬೇಕು. ರಾತ್ರಿ ಮಾಳಿಗೆಯ ಮೇಲೆ ಮಲಗಿದವರು ನಿದ್ದೆಗಣ್ಣಿನಲ್ಲಿ ಮೂತ್ರಕ್ಕೆಂದು ಇಳಿಯುವುದು ಈ ಏಣಿಯಲ್ಲಿಯೇ. ಪ್ರಾಸ್ಟೇಟ್ ತೊಂದರೆಯಿರುವ, ಬಿ.ಪಿ. ಮಾತ್ರೆ ನುಂಗುವ, ಒಂದು ಕಣ್ಣಿಗೆ ಪೊರೆ ಬಂದಿರುವ ಹಿರಿಯರಿಗೆ ಮಾಳಿಗೆಯ ತಂಪು ಎಷ್ಟೇ ಹಿತವಾಗಿದ್ದರೂ ಅಂಗಳದ ಹೊರಸೇ ಯೋಗ್ಯ. ಇನ್ನು ಅಲ್ಯುಮಿನಿಯಂ ಅಥವಾ ಕಬ್ಬಿಣದ ಏಣಿಯನ್ನು ಕೊಂಡವರು ಮಾಳಿಗೆಯ ಪಕ್ಕದಲ್ಲಿ ಹಾದುಹೋಗುವ ವಿದ್ಯುತ್ ತಂತಿಯನ್ನು ಒಮ್ಮೆ ನೋಡಿ ಏಣಿ ಎತ್ತಬೇಕು.

ಈಗ ನನ್ನ ಅಭಿಪ್ರಾಯ. ಅರವತ್ತೈದು ದಾಟಿದವರು ಒರಗಿಸಿದ ಏಣಿ ಏರುವುದನ್ನು ಬಿಡಬೇಕು. ಸ್ಟೂಲಿನ ಮೇಲೆ ಕುರ್ಚಿ ಇಟ್ಟು ಬಲ್ಬು ಬದಲಿಸುವುದನ್ನೂ ಬಿಡಬೇಕು. ಇದು ಅವಮಾನವಲ್ಲ. ನಮ್ಮ ಮನೆಯ ಏಣಿಯನ್ನು ನಾನು ಪಕ್ಕದ ಮನೆಯ ಯುವಕನ ಸುಪರ್ದಿಗೆ ಕೊಟ್ಟು ಐದು ವರ್ಷವಾಯಿತು. ಬೇಕಾದಾಗ ಏಣಿಯೂ ಬರುತ್ತದೆ, ಅವನೂ ಬರುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಆದರೆ ಏಣಿ ಬಿಡುವುದೆಂದರೆ ಏರುವುದನ್ನೇ ಬಿಡುವುದಲ್ಲ. ಇಲ್ಲಿ ನನಗೂ ನಿಮಗೂ, ಅಂದರೆ ದೂರದ ಊರುಗಳಿಂದ ತಂದೆತಾಯಿಗೆ ದಿನವೂ ಫೋನು ಮಾಡುವ ನನ್ನ ಪ್ರೀತಿಯ ಶಿಷ್ಯರಿಗೂ, ಭಿನ್ನಾಭಿಪ್ರಾಯವಿದೆ. "ಮೆಟ್ಟಿಲು ಹತ್ತಬ್ಯಾಡ್ರಿ, ಹೊರಗ ಹೋಗಬ್ಯಾಡ್ರಿ, ಸುಮ್ ಕೂಡ್ರಿ" ಎಂದು ನೀವು ಹೇಳುವುದು ಪ್ರೀತಿಯಿಂದಲೇ. ಆದರೆ ಸುಮ್ಮನೆ ಕುಳಿತ ಕಾಲು ಆರು ತಿಂಗಳಲ್ಲಿ ನಿಜವಾಗಿಯೂ ಬೀಳುವ ಕಾಲಾಗುತ್ತದೆ. ಕಟಾಂಜನವಿರುವ ಮೆಟ್ಟಿಲನ್ನು ದಿನಕ್ಕೆ ಎರಡು ಬಾರಿ ಹತ್ತಿ ಇಳಿಯುವ ಮುದುಕ, ಕುರ್ಚಿಗೆ ಅಂಟಿಕೊಂಡ ಮುದುಕನಿಗಿಂತ ಕ್ಷೇಮ.

ಇದು ಬರಿಯ ನನ್ನ ಹಟವಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹಿರಿಯರಿಗಾಗಿ ಒಂದು ವ್ಯಾಯಾಮಕ್ರಮ ರೂಪಿಸಿದರು. ಕಾಲಿನ ಸ್ನಾಯು ಬಲಪಡಿಸುವ ಮತ್ತು ಸಮತೋಲ ಕಲಿಸುವ ಸರಳ ಚಲನೆಗಳು, ವಾರಕ್ಕೆ ಮೂರು ಬಾರಿ, ಜೊತೆಗೆ ನಡಿಗೆ. ಅದನ್ನು ಪಾಲಿಸಿದವರಲ್ಲಿ ಬೀಳುವ ಪ್ರಕರಣಗಳು ಶೇಕಡಾ 35ರಷ್ಟು ಕಡಿಮೆಯಾದವು. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಯ ಬಳಿ ಹಿಮ್ಮಡಿ ಎತ್ತಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ನಡೆಯುವುದು ಇಂಥವೇ. ನಮ್ಮ ಹಿರಿಯರು ಇದನ್ನು ವ್ಯಾಯಾಮವೆಂದು ಕರೆಯದೆ ಮಾಡುತ್ತಿದ್ದರು: ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಉಂಡು ಏಳುತ್ತಿದ್ದರು, ಕುಕ್ಕರುಗಾಲಿನಲ್ಲಿ ಕುಳಿತು ಕಸ ತೆಗೆಯುತ್ತಿದ್ದರು. ಊಟದ ಮೇಜು, ಪ್ಲಾಸ್ಟಿಕ್ ಕುರ್ಚಿ, ಕಮೋಡು ಬಂದ ಮೇಲೆ ನೆಲದಿಂದ ಏಳುವ ವಿದ್ಯೆಯೇ ಮರೆತುಹೋಗುತ್ತಿದೆ. ಮೊಣಕಾಲು ಸವೆದವರಿಗೆ ಕಮೋಡು ಬೇಕು, ಒಪ್ಪುತ್ತೇನೆ. ಐವತ್ತರ ಗಟ್ಟಿಮುಟ್ಟಾದವರು ಯಾಕೆ ನೆಲ ಬಿಡಬೇಕೆಂಬುದು ನನ್ನ ಪ್ರಶ್ನೆ.

ಇಷ್ಟೆಲ್ಲ ಎಚ್ಚರದ ನಡುವೆಯೂ ಬೀಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ಮುಂದಿನದು, ಅದರಲ್ಲಿಯೂ ಅರವತ್ತು ದಾಟಿದವರೇ ಹೆಚ್ಚು. ಶೇಕಡಾ 80ಕ್ಕೂ ಹೆಚ್ಚು ಸಾವು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಬಡದೇಶದವರು ಹೆಚ್ಚು ಬೀಳುತ್ತಾರೆಂದಷ್ಟೇ ಇದಕ್ಕೆ ಅರ್ಥ ಮಾಡಬೇಕಾಗಿಲ್ಲ. ಬಿದ್ದ ಮೇಲೆ ನಡೆಯುವುದರಲ್ಲಿಯೂ ವ್ಯತ್ಯಾಸವಿದೆ ಎಂದು ನಾನು ತಿಳಿಯುತ್ತೇನೆ.

ಕೊಳಕೂರದಲ್ಲಿರುವ ನಮ್ಮ ದೊಡ್ಡಕ್ಕನ ಸಂಗತಿ ಇದಕ್ಕೆ ಉದಾಹರಣೆ. ಆಗ ಆಕೆಗೆ ಎಪ್ಪತ್ತನಾಲ್ಕು. ಮೇ ತಿಂಗಳ ಒಂದು ಮಧ್ಯಾಹ್ನ ಗಾಳಿ ಎದ್ದು ಹನಿ ಬೀಳತೊಡಗಿದಾಗ ಮಾಳಿಗೆ ಏರಿ ಮೆಣಸಿನಕಾಯಿ ಗುಡ್ಡೆಹಾಕಿ ತಾಡಪತ್ರಿ ಮುಚ್ಚಿ, ಇಳಿಯುವಾಗ ನಾಲ್ಕನೆಯ ಮೆಟ್ಟಿಲಿನಿಂದ ಬಿದ್ದಳು. ಏಣಿಯ ಬುಡ ಫರ್ಸಿಯ ಮೇಲಿತ್ತು. ಕೂಗು ಕೇಳಿ ಓಡಿ ಬಂದ ನೆರೆಹೊರೆಯವರು ಮೊದಲು ಮಾಡಿದ್ದು ಆಕೆಯನ್ನು ತೋಳು ಹಿಡಿದು ಎಬ್ಬಿಸಿ ನಿಲ್ಲಿಸಿದ್ದು. ಎರಡನೆಯದು ನೀರು ಕುಡಿಸಿದ್ದು. ಮೂರನೆಯದು ತೊಡೆಗೆ ಎಣ್ಣೆ ಹಚ್ಚಿ ನೀವಿದ್ದು. ಎಲ್ಲರೂ ಅಂತಃಕರಣದ ಜನ; ಆ ಅಂತಃಕರಣದಿಂದಲೇ ಮುರಿದ ಎಲುಬು ಇನ್ನಷ್ಟು ಸರಿಯಿತು. ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ, ಪಾದ ಹೊರಮುಖವಾಗಿ ತಿರುಗಿತ್ತು. ವೈದ್ಯರು ಅದನ್ನು ದೂರದಿಂದ ಕಂಡೇ ಸೊಂಟದ ಕೀಲಿನ ಬಳಿ ತೊಡೆಯೆಲುಬು ಮುರಿದಿದೆ ಎನ್ನುತ್ತಾರೆ.

ಅಂಥ ಹೊತ್ತಿನಲ್ಲಿ ಮಾಡಬೇಕಾದುದು ಇಷ್ಟು. ಬಿದ್ದವರನ್ನು ಎಳೆಯಬಾರದು. ಒಂದೆರಡು ನಿಮಿಷ ಹಾಗೆಯೇ ಬಿಟ್ಟು ಮಾತಾಡಿಸಬೇಕು. ಕತ್ತು, ಬೆನ್ನು, ತೊಡೆಯ ಸಂದಿಯಲ್ಲಿ ತೀವ್ರ ನೋವಿದ್ದರೆ, ಕಾಲು ಎತ್ತಲಾಗದಿದ್ದರೆ, ಪ್ರಜ್ಞೆ ತಪ್ಪಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಲ್ಲಿಯೇ ನೆರಳು ಮಾಡಿ, ಮೈಮೇಲೆ ಹೊದಿಕೆ ಹೊದಿಸಿ 108ಕ್ಕೆ ಫೋನು ಮಾಡಬೇಕು. ಕರ್ನಾಟಕದಲ್ಲಿ ಆರೋಗ್ಯ ಕವಚವೆಂಬ ಹೆಸರಿನಲ್ಲಿ ಈ ಆಂಬುಲೆನ್ಸ್ ಸೇವೆ ಬಂದದ್ದು 2008ರಲ್ಲಿ. ಅದಕ್ಕೆ ಮೊದಲು ನಮ್ಮೂರುಗಳಿಂದ ಇಂಥವರನ್ನು ಟಂಟಂನಲ್ಲಿ, ಟ್ರ್ಯಾಕ್ಟರಿನಲ್ಲಿ ಸಾಗಿಸುತ್ತಿದ್ದುದು ನಿಮಗೂ ನೆನಪಿರಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದವರಿಗೆ ಊಟ ಮಾಡಿಸಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವವರ ತಲೆಗೆ ಸಣ್ಣ ಪೆಟ್ಟಾದರೂ ವೈದ್ಯರಿಗೆ ತೋರಿಸಲೇಬೇಕು. ತಲೆಯೊಳಗೆ ಮೆಲ್ಲನೆ ಸೋರಿದ ರಕ್ತ ಹಲವು ದಿನ, ಕೆಲವೊಮ್ಮೆ ವಾರಗಳ ಅನಂತರ ತಲೆನೋವು, ತೂಕಡಿಕೆ, ಮಾತಿನ ತೊದಲಿಕೆಯಾಗಿ ಕಾಣಿಸಿಕೊಳ್ಳುವುದುಂಟು. ಅದನ್ನು ಮನೆಯವರು ಮರೆವು ಎಂದುಕೊಳ್ಳುತ್ತಾರೆ.

ಪೆಟ್ಟು ಅಷ್ಟಿಲ್ಲದೆ ಒಬ್ಬರೇ ಇರುವಾಗ ಬಿದ್ದವರು ಏಳುವ ಕ್ರಮವನ್ನು ಮೊದಲೇ ಕಲಿತಿರಬೇಕು. ಗಾಬರಿಯಿಂದ ನೆಟ್ಟಗೆ ಏಳಲು ಹೋಗಬಾರದು. ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಹೊರಸು ಅಥವಾ ಗಟ್ಟಿ ಪೆಟ್ಟಿಗೆಯವರೆಗೆ ತೆವಳಿ, ಅದರ ಮೇಲೆ ಎರಡೂ ಕೈ ಊರಿ, ಬಲವಾದ ಕಾಲನ್ನು ಮುಂದಿಟ್ಟು ಎದ್ದು ಕೂಡಬೇಕು. ಏಳಲಾಗದಿದ್ದರೆ ಒಂದು ಬಟ್ಟೆ ಎಳೆದುಕೊಂಡು ಹೊದೆದು, ಕೈಕಾಲು ಆಡಿಸುತ್ತ, ತಟ್ಟೆಯನ್ನೋ ತಂಬಿಗೆಯನ್ನೋ ನೆಲಕ್ಕೆ ಬಡಿದು ಸದ್ದು ಮಾಡಬೇಕು. ಗಂಟೆಗಟ್ಟಲೆ ನೆಲದ ಮೇಲೆ ಬಿದ್ದುಕೊಂಡಿರುವುದೇ ಇನ್ನೊಂದು ಅಪಾಯ. ಅದುಮಿದ ಸ್ನಾಯು ಕೊಳೆಯತೊಡಗಿ ಮೂತ್ರಪಿಂಡಕ್ಕೂ ಪೆಟ್ಟಾಗುತ್ತದೆ. ಮೊಬೈಲನ್ನು ಎತ್ತರದ ಮಾಡಿನಲ್ಲಿ ಚಾರ್ಜಿಗಿಟ್ಟು ಅಂಗಳದಲ್ಲಿ ಓಡಾಡುವ ನನ್ನ ವಯಸ್ಸಿನವರಿಗೆ ಇದನ್ನು ಎಷ್ಟು ಹೇಳಿದರೂ ಸಾಲದು. ಅಂಗಿಯ ಕಿಸೆ, ಸೊಂಟದ ಚೀಲ ಇರುವುದು ಅದಕ್ಕೇ.

ಅಕ್ಕನ ಕಥೆಗೆ ಬರುತ್ತೇನೆ. ಸಂಜೆ ಮನೆಯಲ್ಲಿ ಸಭೆ ಸೇರಿತು. ಬಂಧುಗಳಲ್ಲಿ ಹಿರಿಯರೊಬ್ಬರು ಎಲುಬು ಕಟ್ಟುವವರ ಬಳಿ ಒಯ್ಯೋಣವೆಂದರು. "ಈ ವಯಸ್ಸಿಗೆ ಆಪರೇಶನ್ ತಡಕೊಳ್ಳಲ್ಲ, ಹಾಸಿಗ್ಯಾಗ ಮೂರು ತಿಂಗಳು ಮಲಗಿದ್ರ ತಾನೇ ಕೂಡ್ತದ" ಎಂದರು. ಅವರ ಮಾತಿಗೆ ಮನೆಯಲ್ಲಿ ತೂಕವಿತ್ತು. ಎದುರಾಡಿದವಳು ಅಕ್ಕನ ಮೊಮ್ಮಗಳು, ನರ್ಸಿಂಗ್ ಓದುತ್ತಿದ್ದ ಹುಡುಗಿ. "ಅಜ್ಜಿನ ಕೊಲ್ಲೋದು ಆಪರೇಶನ್ ಅಲ್ಲ, ಹಾಸಿಗಿ" ಎಂದಳು. ಅಂದು ಆ ಮಾತು ಉದ್ಧಟತನವೆಂದು ಕೆಲವರಿಗೆ ಅನ್ನಿಸಿತು. ನನಗೆ ಅದು ಅಂದಿನ ಸಭೆಯಲ್ಲಿ ಕೇಳಿದ ಒಂದೇ ಒಂದು ಶಾಸ್ತ್ರೀಯವಾದ ಮಾತು.

ಯಾಕೆಂದರೆ ಸೊಂಟದ ಎಲುಬು ಮುರಿದ ಹಿರಿಯರು ಸಾಯುವುದು ಬಹುಪಾಲು ಮುರಿದ ಎಲುಬಿನಿಂದಲ್ಲ. ಮಲಗಿದಲ್ಲಿಯೇ ಮಲಗಿದಾಗ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಬೆನ್ನಿಗೆ ಹಾಸಿಗೆ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಮೇಲೇರುತ್ತದೆ, ಮೂತ್ರದ ಸೋಂಕಾಗುತ್ತದೆ, ಮನಸ್ಸು ದಿಕ್ಕೆಡುತ್ತದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಯಾವ ಕಾಯಿಲೆಯೂ ಇಲ್ಲದ ಅವರ ಕಾಲುಗಳ ಮಾಂಸಖಂಡ ಹತ್ತೇ ದಿನದಲ್ಲಿ ಹತ್ತಿರ ಹತ್ತಿರ ಒಂದು ಕಿಲೋ ಕರಗಿತ್ತು. ಮೂರು ತಿಂಗಳು ಮಲಗಿಸಿದ ಎಪ್ಪತ್ತನಾಲ್ಕರ ಮುದುಕಿಗೆ ಎಲುಬು ಕೂಡಿದರೂ ನಿಲ್ಲಲು ಏನು ಉಳಿದಿರುತ್ತದೆ? ಆದುದರಿಂದ ಇಂದಿನ ವೈದ್ಯಪದ್ಧತಿ ಸಾಧ್ಯವಾದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ಹಿಡಿದು ನಿಲ್ಲಿಸುತ್ತದೆ. ಶಸ್ತ್ರಚಿಕಿತ್ಸೆಗೆ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಹೃದಯ, ಸಕ್ಕರೆ, ಶ್ವಾಸಕೋಶಗಳ ಸ್ಥಿತಿ ನೋಡಿ ವೈದ್ಯರು ನಿರ್ಧರಿಸಬೇಕು. ನಾಟಿ ವೈದ್ಯರ ಬಗೆಗೂ ನನಗೆ ತಿರಸ್ಕಾರವಿಲ್ಲ. ಆದರೆ ಸೊಂಟದ ಕೀಲಿಗೆ ಬಿದಿರು ಪಟ್ಟಿ ಕಟ್ಟಲು ಬರುವುದಿಲ್ಲ. ಮುಂಗೈಗೆ ಬಿಗಿಯಾಗಿ ಕಟ್ಟಿದ ಪಟ್ಟಿಯಿಂದ ರಕ್ತ ಸಂಚಾರ ನಿಂತರೆ ಬೆರಳುಗಳನ್ನೇ ಕಳೆದುಕೊಳ್ಳಬೇಕಾದೀತು. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಕಟ್ಟನ್ನು ತಕ್ಷಣ ಬಿಚ್ಚಿಸಬೇಕು, ಕಟ್ಟಿದವರು ಯಾರೇ ಆಗಿರಲಿ.

ಹಣದ ಮಾತು ಬಾರದೆ ಇರದು. ಬಿ.ಪಿ.ಎಲ್. ಕಾರ್ಡು ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಅವಕಾಶವಿದೆ. ಆ ಯೋಜನೆ 2018ರಲ್ಲಿ ಬಂದಿತು. ಕಾರ್ಡು ಎಲ್ಲಿದೆಯೆಂದು ಬಿದ್ದ ರಾತ್ರಿ ಹುಡುಕುವಂತಾಗಬಾರದು.

ಅಕ್ಕನನ್ನು ಕಲಬುರಗಿಯ ಒಂದು ಆಸ್ಪತ್ರೆಗೆ ಒಯ್ದೆವು. ಸಕ್ಕರೆ ಹತೋಟಿಗೆ ಬರಲು ಹೊತ್ತು ಹಿಡಿದು ಮೂರನೆಯ ದಿನ ಶಸ್ತ್ರಚಿಕಿತ್ಸೆಯಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ವಾಕರ್ ಹಿಡಿಸಿ ನಿಲ್ಲಿಸಿದರು. ನೋವಿನಿಂದ ಅತ್ತಳು, ನಿಂತಳು. ನಿಜವಾದ ತೊಂದರೆ ಆರಂಭವಾದದ್ದು ಮನೆಗೆ ಬಂದ ಮೇಲೆ. ನೋಡಲು ಬಂದ ಬಂಧುಗಳೆಲ್ಲ "ಏಳಬ್ಯಾಡ, ಮಕ್ಕೊ" ಎನ್ನುವವರೇ. ಹಾಲು, ಬ್ರೆಡ್ಡು, ಸೇಬು ತರುವ ಬಂಧುಗಳ ಎದುರು ಎದ್ದು ಓಡಾಡುವುದು ಅಸಭ್ಯವೆಂದು ಅಕ್ಕನಿಗೂ ಅನ್ನಿಸತೊಡಗಿತು. ಎರಡು ವಾರದಲ್ಲಿ ವಾಕರ್ ಮೂಲೆ ಸೇರಿ ಅದರ ಮೇಲೆ ಟವೆಲು ಒಣಗತೊಡಗಿತ್ತು. ಮತ್ತೆ ಆ ಮೊಮ್ಮಗಳೇ ಬರಬೇಕಾಯಿತು. ಅವಳು ಒಂದು ಉಪಾಯ ಮಾಡಿದಳು: ನೀರಿನ ತಂಬಿಗೆಯನ್ನು ಹಾಸಿಗೆಯ ಪಕ್ಕದಿಂದ ತೆಗೆದು ಪಡಸಾಲೆಯ ಕಂಬದ ಬಳಿ ಇಟ್ಟಳು. ಬಾಯಾರಿದರೆ ಎದ್ದು ಹೋಗಬೇಕು, ಜೊತೆಗೆ ಒಬ್ಬರು ನಡೆಯಬೇಕು. ವಾರಕ್ಕೊಂದು ಕಂಬದಂತೆ ತಂಬಿಗೆ ಮುಂದೆ ಸರಿಯಿತು. ದೀಪಾವಳಿಯ ಹೊತ್ತಿಗೆ ಅಕ್ಕ ಕೋಲು ಹಿಡಿದು ಹನುಮಂತ ದೇವರ ಗುಡಿಯವರೆಗೆ ಹೋಗಿಬಂದಳು. ಬಂಧುಗಳು ಅದನ್ನು ದೇವರ ದಯೆಯೆಂದರು. ಇರಬಹುದು, ತಂಬಿಗೆಗೂ ಒಂದಿಷ್ಟು ಪಾಲು ಸಲ್ಲಬೇಕು.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಪ್ರಸಂಗವನ್ನೂ ಬಲ್ಲೆ. ನನ್ನೊಂದಿಗೆ ಕೆಲಸ ಮಾಡಿದ ಮುಖ್ಯೋಪಾಧ್ಯಾಯರೊಬ್ಬರು ನಿವೃತ್ತಿಯ ಅನಂತರ ಟ್ಯೂಬ್‌ಲೈಟ್ ಬದಲಿಸಲು ಸ್ಟೂಲು ಏರಿ ಬಿದ್ದರು. ಮುರಿದದ್ದು ಮುಂಗೈ ಮಾತ್ರ. ಆರು ವಾರದಲ್ಲಿ ಪ್ಲಾಸ್ಟರ್ ಬಿಚ್ಚಿದರು. ಆದರೆ ಧೈರ್ಯ ಕೂಡಲಿಲ್ಲ. ಮೊದಲು ವಾಯುವಿಹಾರ ನಿಂತಿತು, ಆಮೇಲೆ ಪೇಟೆ, ಆಮೇಲೆ ಗೆಳೆಯರ ಮನೆ. ಮಕ್ಕಳು ಇದನ್ನು ವಿವೇಕವೆಂದುಕೊಂಡು ಸಮಾಧಾನಪಟ್ಟರು. ಎರಡು ವರ್ಷದಲ್ಲಿ, ಶಾಲೆಯ ಮೈದಾನದಲ್ಲಿ ನಮ್ಮೆಲ್ಲರಿಗಿಂತ ಬಿರುಸಾಗಿ ನಡೆಯುತ್ತಿದ್ದ ಆ ಮನುಷ್ಯ ಬಚ್ಚಲಿಗೆ ಹೋಗಲು ಇಬ್ಬರ ಹೆಗಲು ಹಿಡಿಯುವಂತಾದರು. ಎರಡನೆಯ ಬಾರಿ ಬಿದ್ದದ್ದು ಮಂಚದ ಪಕ್ಕದಲ್ಲಿಯೇ. ಏಣಿಯೂ ಇರಲಿಲ್ಲ, ಸ್ಟೂಲೂ ಇರಲಿಲ್ಲ. ಆ ಬಾರಿ ಅವರು ಉಳಿಯಲಿಲ್ಲ. ಬೀಳುವ ಭಯವನ್ನು ವೈದ್ಯರು ಈಗ ಪ್ರತ್ಯೇಕ ತೊಂದರೆಯೆಂದೇ ಪರಿಗಣಿಸುತ್ತಾರೆ. ಗಂಡಸರು ಇದನ್ನು ಹೇಳಿಕೊಳ್ಳುವುದಿಲ್ಲ; "ಕೆಲಸ ಏನೈತಿ ಹೊರಗ" ಎನ್ನುತ್ತಾರೆ. ನಿಮ್ಮ ತಂದೆ ಹಾಗೆ ಹೇಳತೊಡಗಿದ್ದರೆ ಒಮ್ಮೆ ಜೊತೆಗೆ ನಡೆದು ನೋಡಿ.

ಇನ್ನು ಮನೆಯ ವಿಚಾರ. ಮಕ್ಕಳು ಊರಿಗೆ ದೊಡ್ಡ ಟಿ.ವಿ. ಕಳಿಸುತ್ತಾರೆ, ವಾಷಿಂಗ್ ಮಷೀನು ಕಳಿಸುತ್ತಾರೆ. ಮಾಳಿಗೆಗೆ ಒಂದು ಕಾಯಂ ಮೆಟ್ಟಿಲು, ಅದಕ್ಕೆ ಎರಡೂ ಕಡೆ ಕಟಾಂಜನ ಮಾಡಿಸಿದವರು ಕಡಿಮೆ. ನಮ್ಮಲ್ಲಿ ಗೋಡೆಯಿಂದ ಚಾಚಿದ ಕಲ್ಲಿನ ಪಾವಟಿಗೆಗಳಿರುವ ಮನೆಗಳುಂಟು. ಏರಲು ಏಣಿಗಿಂತ ವಾಸಿ, ಆದರೆ ಹಿಡಿಯಲು ಏನೂ ಇಲ್ಲ. ಜೇವರ್ಗಿಯಲ್ಲಿ ವೆಲ್ಡಿಂಗ್ ಮಾಡುವವರು ಒಂದು ದಿನದಲ್ಲಿ ಪೈಪು ಹಾಕಿ ಕೊಡುವ ಕೆಲಸವದು. ಬೆಳಕಿಂಡಿಗೆ ಪಾರದರ್ಶಕ ಫೈಬರ್ ಹಾಳೆಯನ್ನು ನಾಲ್ಕು ಬೆರಳು ಎತ್ತರಿಸಿ ಕೂಡಿಸಿದರೆ ಬೆಳಕೂ ಬರುತ್ತದೆ, ಹೊಗೆಯೂ ಹೋಗುತ್ತದೆ, ಮಳೆ ಬಂದಾಗ ಓಡುವ ಪ್ರಮೇಯವೇ ಇರುವುದಿಲ್ಲ. ಸಂಡಿಗೆಯನ್ನು ಅಂಗಳದ ಹೊರಸಿನ ಮೇಲೆ ಹಳೆಯ ಸೀರೆ ಹಾಸಿ ಒಣಗಿಸಬಹುದು; ಕಾಗೆ ಕಾಯಲು ಒಬ್ಬರು ಬೇಕು, ಅದಕ್ಕೆ ನನ್ನಂಥ ನಿವೃತ್ತರಿದ್ದೇವೆ. ನೀರಿನ ಟ್ಯಾಂಕು ತುಂಬಿತೇ ಎಂದು ಇಣುಕಿ ನೋಡಲು ಮೇಲೆ ಹೋಗುವ ಅಭ್ಯಾಸಕ್ಕೆ ಒಂದು ಫ್ಲೋಟ್ ವಾಲ್ವ್ ಸಾಕು. ಬಚ್ಚಲಿನ ಗೋಡೆಗೆ ಹಿಡಿಕೆ, ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಉರಿಯುವ ಸಣ್ಣ ದೀಪ, ಹೊಸ್ತಿಲಿಗೆ ಬಿಳಿಯ ಬಣ್ಣ. ಹೊಸ್ತಿಲಿಗೆ ಬಣ್ಣ ಹಚ್ಚಲು ಶಾಸ್ತ್ರದ ಅಡ್ಡಿಯೂ ಇಲ್ಲ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಊರುಗಳ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ರಾತ್ರಿಗಳಲ್ಲಿ ಹಿರಿಯರನ್ನೂ ಮಾಳಿಗೆಗೆ ಏರಿಸಬೇಕಾದ ಪ್ರಸಂಗ ಬರುತ್ತದೆ. ಆಗ ಮನೆಯಲ್ಲಿ ಇರುವುದು ಹಗ್ಗ ಸುತ್ತಿದ ಬೊಂಬಿನ ಏಣಿಯೋ ಕಟಾಂಜನವಿರುವ ಮೆಟ್ಟಿಲೋ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಯೋಚಿಸಬೇಕು.

ಯುಗಾದಿಗೆ ಊರಿಗೆ ಬರುವವರಲ್ಲಿ ನನ್ನದೊಂದು ಬಿನ್ನಹ. ಹಬ್ಬದ ಹಿಂದಿನ ದಿನ ಜೇಡ ಹೊಡೆಯುವುದು, ಪಂಖದ ಧೂಳು ಒರೆಸುವುದು, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸುವುದು, ಬಾಗಿಲಿಗೆ ತೋರಣ ಕಟ್ಟುವುದು ಇವೆಲ್ಲ ನೀವು ಬರುವ ಮೊದಲೇ ಮುಗಿದಿರಲೆಂದು ನಿಮ್ಮ ತಾಯಿ ಸ್ಟೂಲು ಏರುತ್ತಾರೆ. ಮಗನಿಗೆ ಮನೆ ಚೊಕ್ಕಟವಾಗಿ ಕಾಣಬೇಕೆಂಬುದೊಂದೇ ಅವರ ಆಸೆ. ಎರಡು ದಿನ ಮೊದಲು ಬನ್ನಿ. ಬರಲಾಗದಿದ್ದರೆ "ಎತ್ತರದ ಕೆಲಸ ನಾ ಬಂದು ಮಾಡ್ತೀನಿ" ಎಂದು ಫೋನಿನಲ್ಲಿ ಹೇಳಿ, ಬಂದು ಮಾಡಿ. ಬರುವಾಗ ನಮ್ಮ ಮನೆಗೂ ಬನ್ನಿ. ಹಾಲಿನ ಪಂಖದ ಮೇಲೆ ಈ ವರ್ಷ ಧೂಳು ಸಾಕಷ್ಟಿದೆ. ಏಣಿ ಪಕ್ಕದ ಮನೆಯಲ್ಲಿ ಸಿಗುತ್ತದೆ.